ಫ್ಯಾಕ್ಟರಿಯ ಕೈ, ಕಾರಹುಣ್ಣಿಮೆಯ ಆರತಿ

ನಮ್ಮ ಬಾಡಿಗೆ ಮನೆಯ ಹಿಂದಿನ ಹೊಲದಲ್ಲಿ ಹುಟ್ಟಿದ ಕರುವಿಗೆ ಪಾಸ್‌ಪೋರ್ಟ್ ಬಂದ ದಿನ ನನಗೆ ಹೊಟ್ಟೆಕಿಚ್ಚಿನಿಂದ ಚಹಾ ಗಂಟಲಲ್ಲಿ ಇಳಿಯಲಿಲ್ಲ. ತಮಾಷೆ ಮಾಡುತ್ತಿಲ್ಲ. ಐರ್ಲೆಂಡಿನಲ್ಲಿ ದನಕ್ಕೂ ಪಾಸ್‌ಪೋರ್ಟ್ ಇದೆ, ಅದನ್ನು ಅವರು ಹಾಗೆಯೇ ಕರೆಯುತ್ತಾರೆ. ಹುಟ್ಟಿದ ದಿನ, ಬಣ್ಣ, ತಳಿ, ತಾಯಿಯ ಕಿವಿಯೋಲೆಯ ಸಂಖ್ಯೆ, ಎಲ್ಲ ಅದರಲ್ಲಿರುತ್ತದೆ. ಆ ಕರು ಹುಟ್ಟುವುದನ್ನು ನಾನೇ ಅಡುಗೆಮನೆಯ ಕಿಟಕಿಯಿಂದ ನೋಡಿದ್ದೆ. ಅದಿನ್ನೂ ನೆಟ್ಟಗೆ ಜಿಗಿಯುವುದನ್ನೂ ಕಲಿತಿರಲಿಲ್ಲ, ಅಷ್ಟರಲ್ಲಿ ಸರ್ಕಾರ ಅದನ್ನು ನಮ್ಮದು ಎಂದು ಒಪ್ಪಿಕೊಂಡು ಅಂಚೆಯಲ್ಲಿ ಕಾಗದ ಕಳಿಸಿತ್ತು. ನಾನು ಬಂದು ಒಂದು ಇಡೀ ಚಳಿಗಾಲ ಕಳೆದಿದ್ದೆ. ನನ್ನ ವಾಸದ ಕಾರ್ಡು ಇನ್ನೂ ಯಾವುದೋ ಕಚೇರಿಯಲ್ಲಿ ನಿದ್ದೆ ಮಾಡುತ್ತಿತ್ತು.

ಮನೆಯ ಮಾಲೀಕ ಟಾಮ್, ಎಪ್ಪತ್ತು ದಾಟಿದ ರೈತ, ಬೇಲಿಯ ಆಚೆಯಿಂದ ಆ ಕಾಗದವನ್ನು ಅಲ್ಲಾಡಿಸಿ ತೋರಿಸಿದ. "ನೋಡು ನೀಲಾ, ಇವಳು ಈಗ ಈ ದೇಶದವಳು. ನೀನು ಸಾಲಿನಲ್ಲಿ ಇವಳ ಹಿಂದೆ ನಿಲ್ಲಬೇಕು" ಎಂದು ನಕ್ಕ. ನಾನೂ ನಕ್ಕೆ. ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ನಾನು ಸವಣೂರು ತಾಲೂಕಿನ ಹತ್ತಿಮತ್ತೂರಿನವಳು, ದನದ ಡಾಕ್ಟರು. ಹಾನಗಲ್ಲಿನಲ್ಲಿ, ಶಿಗ್ಗಾಂವಿಯಲ್ಲಿ, ಕಡೆಗೆ ಹಿರೇಕೆರೂರಿನಲ್ಲಿ ಸರ್ಕಾರಿ ದವಾಖಾನೆಯಲ್ಲಿ ದುಡಿದವಳು. ಊರೂರಲ್ಲಿ "ಡಾಕ್ಟರ್‌ಬಾಯಿ ಬಂದ್ರು, ಕುಂಡ್ರಾಕ ಕುರ್ಚಿ ತರ್ರಿ" ಅನ್ನಿಸಿಕೊಂಡವಳು. ಹಿರೇಕೆರೂರಿನವರೇ ಆದ ನಮ್ಮ ಮನೆಯವರು, ಶಿವಾನಂದ, ವೃತ್ತಿಯಲ್ಲಿ ನರ್ಸ್. ಅವರಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ನಾನು ಬೆನ್ನಿಗೆ ಬಂದೆ. ಗಂಡ ದುಡಿಯಲು ಹೋದಲ್ಲಿಗೆ ಹೆಂಡತಿ ಹೋಗುವುದೇನು ಹೊಸದಲ್ಲ. ಆದರೆ ಡಾಕ್ಟರ್‌ಬಾಯಿಗೆ ಇಲ್ಲಿ ಒಂದು ಕೋಳಿಯನ್ನೂ ಮುಟ್ಟುವ ಅಧಿಕಾರವಿರಲಿಲ್ಲ. ಈ ದೇಶದ ಪರೀಕ್ಷೆ ಬರೆದು ಪಾಸಾಗುವ ತನಕ ನಾನು ಬರೀ ಶಿವಾನಂದನ ಹೆಂಡತಿ.

ಆ ದಿನಗಳನ್ನು ನೆನೆದರೆ ಮೊದಲು ನೆನಪಾಗುವುದು ಮಳೆಯಲ್ಲ, ಮೌನ. ನಮ್ಮಲ್ಲಿ ಬೆಳಿಗ್ಗೆ ಎದ್ದರೆ ಕೊರಳಗಂಟೆ, ಕೋಳಿ, ಪಕ್ಕದ ಮನೆಯ ಜಗಳ, ಸವಣೂರಿನ ಬಸ್ಸಿನ ಹಾರ್ನು. ಶಿಗ್ಗಾಂವಿಯಲ್ಲಿದ್ದಾಗ ಬಂಕಾಪುರದ ಕೋಟೆಯ ಕಡೆ ಹೋದರೆ ನವಿಲುಗಳ ಕೂಗು ಕಿವಿ ತೂತು ಮಾಡುತ್ತಿತ್ತು. ಅಲ್ಲಿ ಸರ್ಕಾರವೇ ಖಿಲಾರಿ ದನಗಳನ್ನು ಸಾಕುತ್ತದೆ. ಬಿಳಿ ಹೋರಿಗಳ ನಡುವೆ ನವಿಲು ಓಡಾಡುವುದನ್ನು ನೋಡಲು ನಾನು ಕೆಲಸವಿಲ್ಲದಿದ್ದರೂ ಸ್ಕೂಟಿ ತಿರುಗಿಸುತ್ತಿದ್ದೆ. ಇಲ್ಲಿ ಹುಲ್ಲು ಎಲ್ಲಿ ನೋಡಿದರೂ ಮೊಣಕಾಲುದ್ದ. ಹತ್ತಿಮತ್ತೂರಿನ ದನ ಕನಸಿನಲ್ಲೂ ಅಷ್ಟು ಹುಲ್ಲು ಕಂಡಿರಲಿಕ್ಕಿಲ್ಲ. ಆದರೆ ಒಂದು ದನದ ಕೊರಳಲ್ಲೂ ಗಂಟೆಯಿಲ್ಲ. ಅಷ್ಟು ದನ, ಅಷ್ಟು ಮೌನ, ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಊಟದ ಕಥೆ ಕೇಳಬೇಡಿ. ನಾವು ಲಿಂಗ ಕಟ್ಟಿದ ಜನ, ಮೊಟ್ಟೆಯನ್ನೂ ಮುಟ್ಟದವರು. ಊರಿನ ಚಿಪ್ಪರ್ ಅಂಗಡಿ, ಅಂದರೆ ಬಟಾಟಿ ಕರಿದು ಮಾರುವ ಅಂಗಡಿ, ನನಗೆ ದೇವರ ಗುಡಿ ಕಂಡಂತಾಗಿತ್ತು. ವಾರಕ್ಕೊಮ್ಮೆ ಹೋಗಿ ಬಿಸಿ ಬಿಸಿ ಚಿಪ್ಸು ತಿಂದು ಬರುತ್ತಿದ್ದೆ. ಅದನ್ನು ಕರಿಯುವುದು ದನದ ಕೊಬ್ಬಿನಲ್ಲಿ ಎಂದು ಟಾಮ್ ಹೇಳಿದಾಗ ನಾನು ಚಿಪ್ಸಿನ ಪೊಟ್ಟಣ ಹಿಡಿದುಕೊಂಡೇ ನಿಂತಿದ್ದೆ. ನಮ್ಮ ಮನೆಯವರು, "ತಿಂದದ್ದು ತಿಂದಾಗೇತಿ, ಇನ್ನ ಮ್ಯಾಲೆ ರುಚಿ ಮರತುಬಿಡು" ಅಂದರು. ರುಚಿ ಮರೆಯಲಿಲ್ಲ ಮಾರಾಯರೇ, ಅದೇ ಕಷ್ಟ. ಆಮೇಲೆ ಅವ್ವ ಕಳಿಸಿದ ಕುರುಕಲು ತಿಂಡಿ ಸವಣೂರ ಖಾರಾ ಟಾಮ್‌ಗೆ ಕೊಟ್ಟು ಸೇಡು ತೀರಿಸಿಕೊಂಡೆ. ಕಣ್ಣಲ್ಲಿ ನೀರು ತಂದುಕೊಂಡು ಕೆಮ್ಮಿದ. ಮರುವಾರ ತಾನೇ ಡಬ್ಬಿ ಹಿಡಿದು ಬಂದ.

ಪರೀಕ್ಷೆ ಮೊದಲ ಸಲ ಹೋಯಿತು, ಎರಡನೆಯ ಸಲ ಪಾಸಾದೆ. ಫಲಿತಾಂಶ ಬಂದ ದಿನ ಟಾಮ್ "ಗ್ರ್ಯಾಂಡ್!" ಎಂದ. ಇಲ್ಲಿ ಎಲ್ಲವೂ ಗ್ರ್ಯಾಂಡ್. ಚಹಾ ಗ್ರ್ಯಾಂಡ್, ಜ್ವರ ಇಳಿದರೆ ಗ್ರ್ಯಾಂಡ್, ಸಾಲಿನಲ್ಲಿ ಕಾಲು ತುಳಿದು ಕ್ಷಮೆ ಕೇಳಿದರೂ ಗ್ರ್ಯಾಂಡ್. ನಮ್ಮ "ಆತು ಬಿಡ್ರಿ" ಇದ್ದ ಹಾಗೆ. ಆದರೆ ಡಾಕ್ಟರ್ ಆದೆನೆಂದು ಹಿಗ್ಗಿದವಳಿಗೆ ಸಿಕ್ಕ ಕೆಲಸ ಯಾವುದು? ಊರ ಹೊರಗಿನ ಫ್ಯಾಕ್ಟರಿ.

ಫ್ಯಾಕ್ಟರಿ ಅಂದರೆ ನೂಲಿನದೂ ಅಲ್ಲ, ಸಕ್ಕರೆಯದೂ ಅಲ್ಲ. ದನ ಕೊಯ್ಯುವ ಜಾಗಕ್ಕೆ ಇಲ್ಲಿಯ ರೈತರು ಹೇಳುವ ಹೆಸರು ಅದು. ಸರ್ಕಾರದ ಪರವಾಗಿ ಒಬ್ಬ ಪಶುವೈದ್ಯರು ನಿಂತು ಜೀವಂತ ದನವನ್ನು ನೋಡಿ, ರೋಗವಿಲ್ಲ, ಗಾಯವಿಲ್ಲ, ಕಿವಿಯೋಲೆ ಮತ್ತು ಪಾಸ್‌ಪೋರ್ಟ್ ತಾಳೆಯಾಗುತ್ತದೆ ಎಂದು ಸಹಿ ಮಾಡದ ಹೊರತು ಒಂದೂ ಒಳಗೆ ಹೋಗುವಂತಿಲ್ಲ. ಆ ಸಹಿ ಮಾಡುವ ತಾತ್ಕಾಲಿಕ ಡಾಕ್ಟರ್ ಬೇಕಾಗಿತ್ತು. ಇಡೀ ದೇಶದಲ್ಲಿ ನನ್ನ ವಿದ್ಯೆಯನ್ನು ಕೂಡಲೇ ಒಪ್ಪಿಕೊಳ್ಳಲು ಸಿದ್ಧವಿದ್ದದ್ದು ಅದೊಂದೇ ಜಾಗ.

ಮೂರು ದಿನ ಗಂಡ ಹೆಂಡತಿ ಮಾತಾಡಿದೆವು. ಅವರು ಒತ್ತಾಯ ಮಾಡಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ಸಂಬಳವಲ್ಲ. ಎರಡು ವರ್ಷದಿಂದ ನನ್ನ ಕೈ ಒಂದು ದನದ ಮೈ ಮುಟ್ಟಿರಲಿಲ್ಲ. ಕೈ ಹಸಿದಿತ್ತು.

ಊರಲ್ಲಿದ್ದಾಗಲೂ ನಾನು ಇದೇ ಸಹಿ ಮಾಡಿದವಳೇ ಎಂಬುದು ಆಮೇಲೆ ಹೊಳೆಯಿತು. ಶಿಗ್ಗಾಂವಿಯಲ್ಲಿದ್ದಾಗ ಹೆದ್ದಾರಿಯಲ್ಲಿ ತಡೆದ ಲಾರಿಯ ದನಗಳನ್ನು ನೋಡಲು ಪೊಲೀಸರು ಕರೆಯುತ್ತಿದ್ದರು. ಬಾಯಿ ಬಿಡಿಸಿ, ಹಲ್ಲು ನೋಡಿ, ವಯಸ್ಸು ಬರೆದು ಸಹಿ ಮಾಡುತ್ತಿದ್ದೆ. ಗೋಹತ್ಯೆಯ ಕಾಯ್ದೆ ಬಿಗಿಯಾದ ಮೇಲೆ ಮುದಿ ಎಮ್ಮೆ, ಕೋಣಕ್ಕೆ ಬಿಟ್ಟರೆ ಎತ್ತಿಗೂ ಆಕಳಿಗೂ ಪ್ರಮಾಣಪತ್ರವೇ ಇಲ್ಲ. ಅಲ್ಲಿ ನನ್ನ ಸಹಿ ದನವನ್ನು ಕೊಯ್ಯಬಾರದು ಎಂದು ಹೇಳುತ್ತಿತ್ತು, ಇಲ್ಲಿ ಕೊಯ್ಯಬಹುದು ಎಂದು ಹೇಳುತ್ತದೆ. ಎರಡೂ ಕಡೆ ಸರ್ಕಾರದ್ದೇ ಸೀಲು. ಸಹಿ ಮಾಡಿದವಳೂ ಅದೇ ನಾನು.

ಕೊರಳಿನ ಲಿಂಗವನ್ನು ಮನೆಯ ದೇವರ ಜಗಲಿಯ ಮೇಲಿಟ್ಟು ಹೋಗಬೇಕಾಯಿತು, ಕೊರಳಲ್ಲಿ ಏನೂ ಇರಬಾರದೆಂಬ ನಿಯಮ. ಬಿಳಿ ಕೋಟು, ಬಿಳಿ ಬೂಟು, ಕೂದಲಿಗೆ ಬಲೆ. ಬೆಳಿಗ್ಗೆ ದನಗಳು ಇಳಿದು ನಿಲ್ಲುವ ದೊಡ್ಡ ಅಂಕಣಕ್ಕೆ ಲೇರಾಜ್ ಅನ್ನುತ್ತಾರೆ. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದವಳು ಹಿರಿಯ ಡಾಕ್ಟರ್ ಬ್ರೀಡಾ. ಐವತ್ತೈದರ ಹೆಂಗಸು, ಮಾತು ಚುರುಕು, ಕಣ್ಣು ಅದಕ್ಕಿಂತ ಚುರುಕು. ನಾನು ಮೊದಲನೆಯ ದನದ ಹತ್ತಿರ ಹೋಗಿ, ಬೆನ್ನ ಮೇಲೆ ಕೈಯಿಟ್ಟು ನೋಡಿ, ಕೈ ತೆಗೆದೆ. ಎರಡನೆಯದಕ್ಕೂ ಹಾಗೆಯೇ. ಐದಾರು ದನ ಆಗುವಷ್ಟರಲ್ಲಿ ಬ್ರೀಡಾ ನನ್ನನ್ನು ಪಕ್ಕಕ್ಕೆ ಕರೆದಳು.

"ಕಣ್ಣು ಉರಿಯುತ್ತಿದೆಯಾ? ದನದ ಕೂದಲು ಆಗಿಬರುವುದಿಲ್ಲವಾ ನಿನಗೆ?"

ನನಗೆ ಅರ್ಥವಾಗಲಿಲ್ಲ. ನನ್ನ ಕೈ ಮಾಡುತ್ತಿದ್ದುದನ್ನು ಅವಳು ಮಾಡಿ ತೋರಿಸಿದಳು: ದನವನ್ನು ಮುಟ್ಟುವುದು, ಆ ಬೆರಳನ್ನು ತಂದು ಎರಡೂ ಕಣ್ಣಿಗೆ ಒತ್ತಿಕೊಳ್ಳುವುದು. ಅಯ್ಯೋ ಶಿವನೇ! ಪ್ರತಿ ದನಕ್ಕೂ ಮಾಡಿದ್ದೆ. ಹುಟ್ಟಿದಾಗಿನಿಂದ ದನ ಮುಟ್ಟಿದರೆ ಕೈ ಕಣ್ಣಿಗೆ ಹೋಗುವುದು, ಕಾಲು ತಾಗಿದರೆ ಎದೆಗೆ ಹೋಗುವುದು. ಉಸಿರಾಡಿದ ಹಾಗೆ, ಯಾರಾದರೂ ಹೇಳಿಕೊಡಬೇಕೇ? ಅಲ್ಲಿ ಮುಖ ಮುಟ್ಟುವುದೆಂದರೆ ಸ್ವಚ್ಛತೆಯ ಮೊದಲ ನಿಯಮವನ್ನೇ ಮುರಿದ ಹಾಗೆ. ನಾನು ಒಂದು ಬೆಳಿಗ್ಗೆಯಲ್ಲಿ ಅದನ್ನು ಮತ್ತೆ ಮತ್ತೆ ಮುರಿದಿದ್ದೆ. ತೊದಲುತ್ತ ವಿವರಿಸಿದೆ.

ಬ್ರೀಡಾ ನಗಲಿಲ್ಲ. "ನಮ್ಮಜ್ಜಿ ಆಕಳು ಕರು ಹಾಕಿದರೆ ಅದರ ಬೆನ್ನ ಮೇಲೆ ಶಿಲುಬೆ ಬರೆಯುತ್ತಿದ್ದಳು" ಎಂದಳು. ಆಮೇಲೆ, "ಮನಸ್ಸಿನಲ್ಲಿ ಮಾಡಿಕೋ. ದೇವರಿಗೆ ಗೊತ್ತಾಗುತ್ತದೆ, ಆಡಿಟರ್‌ಗೆ ಗೊತ್ತಾಗುವುದಿಲ್ಲ. ಕೈ ಮಾತ್ರ ಕೆಳಗಿರಲಿ" ಎಂದಳು. ಅಂದಿನಿಂದ ಬಲಗೈಯಲ್ಲಿ ಕಾಗದದ ಹಲಗೆ ಹಿಡಿದೆ, ಎಡಗೈಯಿಂದ ಮುಟ್ಟಿದೆ. ಎಡಗೈಗೆ ಆ ಸಂಸ್ಕಾರ ಇರಲಿಲ್ಲ.

ಇಲ್ಲಿಯ ಸರ್ಕಾರಕ್ಕೆ ಮಾಂಸದ ದನದ ಮೇಲಿರುವ ಮುತುವರ್ಜಿ ನೋಡಿದರೆ ನಮ್ಮವರು ಬೆರಗಾಗಬೇಕು. ವಿಮಾನ ನಿಲ್ದಾಣದಲ್ಲಿ ಇಳಿದರೆ ಹಸಿರು ಹುಲ್ಲಿನಲ್ಲಿ ನಿಂತ ದನದ ದೊಡ್ಡ ಚಿತ್ರ, ಟಿವಿಯಲ್ಲಿ ಅದೇ. ಮಂತ್ರಿಗಳು ದೂರ ದೂರದ ದೇಶಗಳಿಗೆ ಹೋಗಿ ನಮ್ಮ ಮಾಂಸ ಕೊಳ್ಳಿರಿ ಎಂದು ಕೇಳಿ ಬರುತ್ತಾರೆ. ಕರುವನ್ನು ತೂಗಿ ತೋರಿಸಿದರೆ ರೈತನಿಗೆ ಸಹಾಯಧನ. ಬೇರೆ ಹೊಲಕ್ಕೆ ದಾಟಿಸಿದರೆ ತಿಳಿಸಬೇಕು, ಸತ್ತರೆ ತಿಳಿಸಬೇಕು. ಅದೇ ಸರ್ಕಾರದ ಇನ್ನೊಂದು ಇಲಾಖೆ, ದನ ತೇಗಿ ತೇಗಿ ಭೂಮಿ ಬಿಸಿಯಾಗುತ್ತಿದೆ, ಸಂಖ್ಯೆ ಕಡಿಮೆ ಮಾಡಿ ಎನ್ನುತ್ತದೆ. ಟಾಮ್ ಇದನ್ನು ಹೇಳಿಕೊಂಡು ಬೈಯುತ್ತಿದ್ದಾಗ ನಾನು, "ನಮ್ಮಲ್ಲಿ ಇದಕ್ಕೆ ಎತ್ತು ಏರಿಗೆ, ಕೋಣ ನೀರಿಗೆ ಅನ್ನುತ್ತೇವೆ" ಎಂದು ಬಿಡಿಸಿ ಹೇಳಿದೆ. ಅವನಿಗೆ ಎಷ್ಟು ಹಿಡಿಸಿತೆಂದರೆ ಪಬ್ಬಿನಲ್ಲಿ ಅದನ್ನು ತನ್ನ ತಾತನ ಗಾದೆ ಎಂದು ಹೇಳಿಕೊಂಡು ಬಂದನಂತೆ.

ಟಾಮ್ ಕೂಡ ವರ್ಷಕ್ಕೊಮ್ಮೆ ತನ್ನ ಬುಲ್ಲಕ್‌ಗಳನ್ನು ಕಳಿಸುವುದು ನಮ್ಮ ಫ್ಯಾಕ್ಟರಿಗೇ. ಬುಲ್ಲಕ್ ಎಂದರೆ ಬೀಜ ಒಡೆದ ಹೋರಿ, ನಮ್ಮ ಲೆಕ್ಕದಲ್ಲಿ ಎತ್ತು. ಆದರೆ ಅದರ ಹೆಗಲು ನೊಗ ಕಂಡಿಲ್ಲ. ಲಾರಿ ಬರುವ ದಿನ ಅವನು ಹೊರಗೆ ಬರುವುದಿಲ್ಲ. ಲಾರಿ ತಿರುವು ದಾಟುವ ತನಕ ಕಿಟಕಿಯ ಪರದೆ ಎಳೆದೇ ಇರುತ್ತದೆ. ನಮ್ಮಪ್ಪ ಹಾನಗಲ್ಲಿನ ಕಡೆಯವರಿಗೆ ಒಂದು ಜೋಡಿ ಎತ್ತು ಮಾರಿದಾಗಲೂ ಹೀಗೇ ಮಾಡಿದ್ದ. ಹಗ್ಗ ಮಾತ್ರ ಬಿಚ್ಚಿಟ್ಟುಕೊಂಡು, ಎತ್ತು ಹೊಡೆದುಕೊಂಡು ಹೋಗುವಾಗ ಗೋಡೆಯ ಕಡೆ ಮುಖ ಮಾಡಿ ಎಲೆ ಅಡಿಕೆ ಹಾಕುತ್ತ ಕುಳಿತಿದ್ದ. ಅವತ್ತು ಅಪ್ಪ ಒಂದರ ಹಿಂದೊಂದು ಎಲೆ ಹಾಕಿಕೊಂಡ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಟಾಮ್‌ನ ಪರದೆ ನೋಡಿದಾಗ ಅಪ್ಪ ನೆನಪಾಗಿ ನನಗೆ ಅಂದು ಕೆಲಸಕ್ಕೆ ಹೋಗಲು ಕಾಲೇ ಬರಲಿಲ್ಲ. ಹೋದೆ. ಅವನ ದನಗಳನ್ನು ನಾನೇ ನೋಡಿ ಸಹಿ ಮಾಡಿದೆ.

ಈ ದೇಶದಲ್ಲಿ ನಾನು ಮುದಿ ಎತ್ತನ್ನೇ ನೋಡಿಲ್ಲ. ದಿನವೂ ನೂರಾರು ಎತ್ತುಗಳ ನಡುವೆ ಓಡಾಡುತ್ತೇನೆ, ಒಂದಕ್ಕೂ ಬಾಯಿಗೂಡಿರುವುದಿಲ್ಲ. ಎಲ್ಲ ಹಲ್ಲು ಬಂದು ಬಾಯಿ ತುಂಬುವ ಮೊದಲೇ ಅವುಗಳ ಆಯುಷ್ಯ ಮುಗಿಯುತ್ತದೆ. ಮಂಡಿ ಸವೆದ, ಹೆಗಲ ಮೇಲೆ ಜಡ್ಡುಗಟ್ಟಿದ, ಹೆಸರು ಕರೆದರೆ ಕಿವಿಯನ್ನಷ್ಟೇ ಆಡಿಸಿ ಸುಮ್ಮನಾಗುವ ಮುದಿ ಎತ್ತು ನನಗೆ ಎಷ್ಟು ನೆನಪಾಗುತ್ತಿತ್ತು ಎಂದರೆ, ಊರಿಗೆ ಫೋನು ಮಾಡಿದಾಗ ತಮ್ಮ ಬಸುವಿಗೆ, "ಕ್ಯಾಮೆರಾ ಮಲ್ಲನ ಕಡೆ ಹಿಡಿ" ಎನ್ನುತ್ತಿದ್ದೆ. ಮಲ್ಲ ನಮ್ಮ ಮನೆಯ ಹಿರಿಯ ಎತ್ತು. ಅದರ ತಾಯಿ ಸತ್ತಾಗ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ನಾನು. ಅದರ ಜೊತೆಗಾರ ಚಂದ್ರ ಅದಕ್ಕಿಂತ ಎಳೆಯದು. ಟ್ರ್ಯಾಕ್ಟರ್ ಬಂದ ಮೇಲೆ ಮನೆಯಲ್ಲಿ ಉಳಿದದ್ದು ಈ ಒಂದೇ ಜೋಡಿ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಬೆನ್ನಿಗೆ ಜೂಲಾ ಹೊದಿಸಿ ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಆರತಿ ಎತ್ತಿ, ಮೊದಲ ಹೋಳಿಗೆ ತಿನ್ನಿಸುವವಳು ಮನೆಯ ಹಿರಿಯ ಮಗಳು. ಕೊಟ್ಟ ಮನೆಗೆ ಹೋದವಳಾದರೂ ಬಂದು ಮಾಡಬೇಕು. ಹಾನಗಲ್ಲಿನಲ್ಲಿದ್ದಾಗ ಭತ್ತದ ಗದ್ದೆಯ ಕೆಸರಿನ ಕಾಲಲ್ಲೇ ಬಸ್ಸು ಹತ್ತಿ ಬಂದಿದ್ದೇನೆ. ಹಿರೇಕೆರೂರಿನಿಂದ ರಜೆ ಸಿಗದೆ ಅರ್ಧ ದಿನಕ್ಕೆ ಓಡಿ ಬಂದು ಓಡಿ ಹೋಗಿದ್ದೇನೆ. ಐರ್ಲೆಂಡಿಗೆ ಬಂದ ಮೇಲೆ ಬಸುವಿನ ಹೆಂಡತಿ ಶೋಭಾ ನನ್ನ ಬದಲಿಗೆ ಮಾಡುತ್ತಿದ್ದಳು. ಮುಂದಿನ ಕಾರಹುಣ್ಣಿಮೆಗೆ ನಾನೇ ಬರುತ್ತೇನೆ ಎಂದು ಟಿಕೆಟ್ ತೆಗೆಸಿ ಫೋನಿನಲ್ಲಿ ಹೇಳಿದೆ. ಆಗ ಶೋಭಾ ತಡೆತಡೆದು ಕೇಳಿಯೇಬಿಟ್ಟಳು.

"ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ಅಲ್ಲೆ ಆ ಫ್ಯಾಕ್ಟರ್ಯಾಗ ಸಹಿ ಮಾಡೂ ಕೈಲೆ ಇಲ್ಲೆ ಎತ್ತಿಗೆ ಆರತಿ ಹೆಂಗ ಮಾಡ್ತೀರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಅವ್ವಗ ಫೋನ್ ಕೊಡು" ಎಂದೆ. ಅವ್ವನಿಗೆ ನನ್ನ ಕೆಲಸ ಮೊದಲಿನಿಂದಲೂ ಗೊತ್ತು. ಮುಚ್ಚಿಟ್ಟಿಲ್ಲ. ನಾನು ಹೇಳಿದ ದಿನ ಅವಳು, "ದನದ ಡಾಕ್ಟರ್ ದನ ಇದ್ದಲ್ಲೆ ಹೋಗಬೇಕು" ಎಂದಷ್ಟೇ ಅಂದು ಬೇರೆ ಮಾತಿಗೆ ಹೋಗಿದ್ದಳು. ಈಗ ನೇರವಾಗಿ ಕೇಳಿದೆ. "ಅವ್ವಾ, ಈ ಸಲ ಆರತಿ ನಾ ಮಾಡ್ಲೋ ಬ್ಯಾಡೋ?"

"ಅಲ್ಲೆ ಮಳಿ ಆಗಾಕತ್ತೇತೇನು?"

"ಇಲ್ಲೆ ಮಳಿ ನಿಂತದ್ದರ ಯಾವಾಗ. ನಾ ಕೇಳಿದ್ದಕ್ಕ ಹೇಳು."

"ಬಾ ಮೊದಲ. ಬಂದ ಮ್ಯಾಲೆ ನೋಡೂಣಂತ. ಬೆಳ್ಳುಳ್ಳಿ ಚಟ್ನಿ ಎಷ್ಟು ಕುಟ್ಟಿ ಇಡ್ಲಿ?"

ಮಾತು ತಿರುಗಿಸುವುದರಲ್ಲಿ ಅವ್ವ ಯಾವ ವಕೀಲನಿಗೂ ಕಡಿಮೆಯಿಲ್ಲ. ಹೋಗುವ ತನಕ ಪ್ರತಿ ವಾರ ಕೇಳಿದೆ, ಪ್ರತಿ ವಾರ ಮಳೆ, ಚಟ್ನಿ, ಯಾರದೋ ಮದುವೆ. ಅವಳು ಒಂದೇ ಒಂದು ಸಲ "ಮಾಡು" ಅಂದಿದ್ದರೆ ಸಾಕಿತ್ತು. ಆಸ್ತಿಯಲ್ಲಿ ಪಾಲು ಕೇಳಿದವಳಲ್ಲ ನಾನು. ವರ್ಷಕ್ಕೊಮ್ಮೆ ಆ ತಟ್ಟೆ ಹಿಡಿಯುವುದೊಂದೇ ಆ ಮನೆಯಲ್ಲಿ ನನಗೆ ಉಳಿದಿದ್ದ ಹಕ್ಕು. ಅದೂ ಹೋದರೆ ನಾನು ಅಲ್ಲಿ ಯಾರು? ಲೇರಾಜಿನಲ್ಲಿ ದನ ಎಣಿಸುತ್ತ ಇದನ್ನೇ ಯೋಚಿಸುತ್ತಿದ್ದೆ.

ಸಿಕ್ಕ ಐದೇ ದಿನದ ರಜೆಯಲ್ಲಿ, ಹಬ್ಬದ ಹಿಂದಿನ ದಿನ ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ಬಸು ಬೈಕು ತಂದಿದ್ದ. ದಾರಿಯುದ್ದಕ್ಕೂ ಹೊಸ ಮಳೆಗೆ ಹದವಾದ ಎರೆ ಹೊಲದ ವಾಸನೆ. ನಾನು ಮಾತಾಡದೆ ಮೂಗು ತುಂಬ ಎಳೆದುಕೊಂಡೆ. ಮನೆಯಲ್ಲಿ ಜನವೋ ಜನ, ಮಕ್ಕಳ ಗದ್ದಲ, ಹೂರಣದ ಕಂಪು. ಕಟ್ಟೆಯ ಮೇಲೆ ಕುಳಿತಿದ್ದ ದೊಡ್ಡಪ್ಪನ ಮಗ ಈರಣ್ಣ ಶುರು ಮಾಡಿದ.

"ಡಾಕ್ಟರ್‌ಬಾಯಾರ, ನಿಮ್ಮ ದೇಶದಾಗ ಎತ್ತಿಗೂ ಪಾಸ್‌ಪೋರ್ಟ್ ಐತಂತಲ್ರಿ. ನಮ್ಮ ಮಲ್ಲಗೂ ಒಂದು ಮಾಡಿಸಿಕೊಡ್ರಿ, ಇಮಾನದಾಗ ಕಳಸೂಣು."

"ಬ್ಯಾಡ ಈರಣ್ಣ, ಅಲ್ಲೆ ಪಾಸ್‌ಪೋರ್ಟ್ ಹಿಡಕೊಂಡು ಹೋದ ಎತ್ತು ವಾಪಸ್ ಬರೂದಿಲ್ಲ."

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಒಳಗಿನಿಂದ ಒಮ್ಮೆ ನನ್ನ ಮುಖ ನೋಡಿ ಮತ್ತೆ ಹೋಳಿಗೆ ತಟ್ಟತೊಡಗಿದಳು.

ಹಬ್ಬದ ದಿನ ಬಿಸಿಲು ಇಳಿಯುವ ಹೊತ್ತಿಗೆ ಎತ್ತುಗಳನ್ನು ಸಿಂಗರಿಸಿ ನಿಲ್ಲಿಸಿದ್ದರು. ಚಂದ್ರನ ಕೋಡಿಗೆ ಕೆಂಪು, ಮಲ್ಲನ ಕೋಡಿಗೆ ಹಸಿರು. ನಾನು ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟು, ಕೈ ತೊಳೆದು ಬಂದು ನಿಂತೆ. ಎರಡೆರಡು ಸಲ ತೊಳೆದಿದ್ದೆ. ಅವ್ವ ಆರತಿಯ ತಟ್ಟೆ ಹಿಡಿದು ಹೊರಬಂದಳು. ನನ್ನ ಮುಂದೆ ಹಾದು ಹೋಗಿ ತಟ್ಟೆಯನ್ನು ಶೋಭಾಳ ಕೈಗೆ ಕೊಟ್ಟಳು.

ಅಷ್ಟು ಜನರ ನಡುವೆ ನನ್ನ ಮುಖ ಬೆಂದುಹೋಯಿತು. ಶೋಭಾಳಿಗೇ ಮುಜುಗರವಾಗಿ ತಟ್ಟೆಯನ್ನು ನನ್ನ ಕಡೆ ಚಾಚಲು ನೋಡಿದಳು. ಅವ್ವ ಕಣ್ಣಲ್ಲೇ ತಡೆದಳು. ಜಗಳಕ್ಕೆ ನಾನು ಬಾಯಿ ತೆರೆದಿದ್ದೆ, ಅವ್ವ ತಿರುಗಿದಳು.

"ಸೀರಿ ಎತ್ತಿ ಕಟ್ಟು. ಮಲ್ಲ ಮುಂಗಾಲು ಊರವಲ್ದು. ಹೋದ ವಾರ ಊರಿನ ಡಾಕ್ಟರ್ ಬಂದಿದ್ರು, ಸೂಜಿ ಹಾಕಿ ಹೋದ್ರು. ಕಾಲು ಹಿಡಿಯಗೊಡಲಿಲ್ಲ, ಒದ್ದು ಅವರ ಅಂಗಿ ಹರದೇತಿ. ಬಸೂನ್ನೂ ಬಿಡವಲ್ದು. ನೋಡು."

"ನಿನ್ನೆ ಬಂದೇನಿ ನಾ. ಈಗ ಹೇಳಾಕತ್ತಿ?"

"ನಿನ್ನೆ ನೀನು ಬರೀ ಆರತಿ ಆರತಿ ಅಂತ ಕುಂತಿದ್ದಿ. ಎತ್ತು ಎಲ್ಲೆ ನೋಡಿದ್ದಿ?"

ಮಾತು ಹೋಗಿ ನಾಟಿತು. ನಿಜ, ಬಂದವಳು ಮಲ್ಲನ ಹಣೆ ನೇವರಿಸಿದ್ದೆ, ಕಾಲು ನೋಡಿರಲಿಲ್ಲ. ಲೇರಾಜಿನಲ್ಲಿ ಕುಂಟುವ ದನವನ್ನು ದೂರದಿಂದಲೇ ಗುರುತಿಸುವವಳು, ನನ್ನ ಎತ್ತು ಮೂರು ಕಾಲಿನ ಮೇಲೆ ಭಾರ ಹಾಕಿ ನಿಂತದ್ದನ್ನು ಕಂಡಿರಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಸಗಣಿಯ ನೆಲದ ಮೇಲೆ ಕುಳಿತೆ. "ಮಲ್ಲಾ, ನಾನಪಾ" ಎಂದು ಮೊಣಕಾಲಿನ ಹಿಂದೆ ಕೈ ಹಾಕಿದೆ. ಅದು ಮೂಸಿ ನೋಡಿತು, ಫ್ಯಾಕ್ಟರಿಯ ಸೋಪಿನ ವಾಸನೆ ಏನಾದರೂ ಬಂತೋ ಏನೋ, ಒಮ್ಮೆ ಕಾಲು ಕೊಡವಿತು. ನಾನು ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಉಸ್ಸೆಂದು ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟಿತು.

ಎರಡು ಗೊರಸಿನ ನಡುವೆ ಜಾಲಿ ಮುಳ್ಳು ಮುರಿದು ಒಳಗೆ ಕುಳಿತಿತ್ತು. ಮೇಲೆ ಮಣ್ಣು ಮೆತ್ತಿ ಗಾಯದ ಬಾಯಿ ಮುಚ್ಚಿಕೊಂಡಿತ್ತು. ಬಸು ನನ್ನ ಹಳೆಯ ಪೆಟ್ಟಿಗೆ ತಂದುಕೊಟ್ಟ, ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಬಿಸಿನೀರಿನಿಂದ ತೊಳೆದು, ಬಾಯಿ ಬಿಡಿಸಿ, ಇಕ್ಕಳದಿಂದ ಮುಳ್ಳು ಎಳೆದಾಗ ಕೀವು ಚಿಮ್ಮಿ ನನ್ನ ಸೀರೆಯ ಮೇಲೆ ಬಿತ್ತು. ಮಲ್ಲ ನಡುಗಿತು, ಒದೆಯಲಿಲ್ಲ. ಔಷಧ ತುಂಬಿ ಬಟ್ಟೆ ಸುತ್ತತೊಡಗಿದೆ. ಅಷ್ಟರಲ್ಲಿ ಯಾರೋ, "ದೀಪ ಆರಿ ಹೊಂಟಾವ್ರಿ, ಆರತಿ ಮಾಡ್ರಿ" ಎಂದರು. ನಾನು ಏಳಲು ಹೋದೆ.

"ಏಳಬ್ಯಾಡ, ಹಂಗ ಇರು" ಎಂದಳು ಅವ್ವ. "ಶೋಭಾ, ಬೆಳಗು."

ಶೋಭಾ ತಟ್ಟೆ ಎತ್ತಿದಳು. ಚಂದ್ರನಿಗೆ ಬೆಳಗಿ, ಮಲ್ಲನಿಗೆ ಬೆಳಗುವಾಗ ಅವ್ವ ಅವಳ ಮೊಣಕೈ ಹಿಡಿದು ಕೆಳಗೆ ಬಗ್ಗಿಸಿದಳು. ದೀಪ ಮಲ್ಲನನ್ನೂ ಅದರ ಕಾಲ ಕೆಳಗೆ ಕುಳಿತ ನನ್ನನ್ನೂ ಸೇರಿಸಿ ಸುತ್ತು ಬಂತು. ಅವ್ವ ಮಲ್ಲನ ಹಣೆಗೆ ಕುಂಕುಮ ಹಚ್ಚಿದಳು, ಅದೇ ಬೆರಳಿನಿಂದ ನನ್ನ ಹಣೆಗೂ ಹಚ್ಚಿದಳು. ಹೋಳಿಗೆ ಮುರಿದು ಮೊದಲು ಮಲ್ಲನ ಬಾಯಿಗೆ, ಆಮೇಲೆ ನನ್ನ ಬಾಯಿಗೆ ಇಟ್ಟಳು, ನನ್ನ ಕೈ ಹೊಲಸಾಗಿತ್ತಲ್ಲ. ಈರಣ್ಣನ ತಮಾಷೆಗೆ ಈ ಸಲ ಯಾರೂ ನಗಲಿಲ್ಲ.

ಸಂಜೆ ಎಲ್ಲರೂ ಚಂದ್ರನನ್ನು ಹೊಡೆದುಕೊಂಡು ಕರಿ ಹರಿಯಲು, ಅಂದರೆ ಊರಬಾಗಿಲ ತೋರಣವನ್ನು ಎತ್ತು ಓಡಿಸಿ ಹರಿಯುವ ಓಟಕ್ಕೆ, ಅಗಸಿಯ ಕಡೆ ಹೋದರು. ಹಲಗೆಯ ಸದ್ದು ದೂರದಿಂದ ಕೇಳುತ್ತಿತ್ತು. ಕೊಟ್ಟಿಗೆಯಲ್ಲಿ ಮಲ್ಲ, ಅವ್ವ, ನಾನು. ಇನ್ನು ಮಳೆ, ಚಟ್ನಿಯ ಮಾತಿಗೆ ಅವಕಾಶ ಕೊಡಬಾರದೆಂದು ಕೇಳಿದೆ.

"ಅವ್ವಾ, ಖರೇ ಹೇಳು. ನನ್ನ ಕೈ ಮೈಲಿಗಿ ಆಗೇತಂತ ತಟ್ಟಿ ಕೊಡಲಿಲ್ಲೇನು?"

ಅವ್ವ ಮಲ್ಲನ ಕೊರಳ ಗಂಗೆದೊಗಲು ನೇವರಿಸಿದಳು.

"ನಿನ್ನ ಕೈಗೆ ಏನಾಗೇತಿ? ಇದರ ಕಾಲಿಗೆ ಕೇಳು, ಅದು ಹೇಳತೇತಿ. ಆ ಊರಾಗ ನೀ ಏನ ಮಾಡ್ತಿ, ಅದು ಚಲೋನೋ ಕೆಟ್ಟೋ, ನನಗ ತಿಳಿಯೂದಿಲ್ಲವ್ವ. ರಾತ್ರಿ ನಿದ್ದಿ ಬರಲಾರ್ದ ವಿಚಾರ ಮಾಡೇನಿ, ತಿಳಿದಿಲ್ಲ. ಆದ್ರ ಆರತಿ ಹಿಡಿಯೂದು ಮನ್ಯಾಗ ಉಳಿಯಾಕಿ ಕೆಲಸ. ಹೊರಗ ದುಡಿಯಾಕ ಹೋಗೂ ಜೀವಕ್ಕ ಆರತಿ ಮಾಡ್ತಾರ, ಅದರ ಕೈಲೆ ಮಾಡಿಸೂದಿಲ್ಲ."

ನಾನು ಹಕ್ಕು ಕೇಳಲು ಬಂದವಳು. ಅವ್ವ ಅದನ್ನು ಕಸಿದುಕೊಂಡು ಅದರ ಜಾಗದಲ್ಲಿ ಬೇರೆ ಏನನ್ನೋ ಇಟ್ಟಳು. ಅದು ದೊಡ್ಡದೋ ಸಣ್ಣದೋ ಐರ್ಲೆಂಡಿನ ಈ ಅಡುಗೆಮನೆಯಲ್ಲಿ ಕುಳಿತು ಬರೆಯುವ ಈ ಹೊತ್ತಿಗೂ ನನಗೆ ತಿಳಿದಿಲ್ಲ. ಅವಳ ಮೇಲೆ ಸಿಟ್ಟೂ ಬಂತು, ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತೆ ಕೂಡ. ಅವ್ವ ಎದ್ದು, "ಊಟಕ್ಕ ಬಾ, ಎಲಿ ಹಾಕ್ತೇನಿ" ಎಂದು ಒಳಗೆ ಹೋದಳು. ನಾನು ಮಲ್ಲನ ಹೊಟ್ಟೆಗೆ ಒರಗಿ ಅಲ್ಲೇ ಕುಳಿತೆ. ಆ ದಿನ ನಮ್ಮ ಮನೆಯಲ್ಲಿ ಆರತಿ ಮಾಡಿಸಿಕೊಂಡವರು ಮೂವರು. ಅವರಲ್ಲಿ ಮಲ್ಲ, ಚಂದ್ರ ಇಬ್ಬರೂ ಆ ಕೊಟ್ಟಿಗೆಯಲ್ಲೇ ಮುಪ್ಪು ಕಳೆಯುವವರು. ನನಗೆ ಮರುದಿನ ಯಲವಿಗಿಯಿಂದ ರೈಲಿತ್ತು.